ಅಜ್ಜನ ಡೆಸ್ಕು ರಿಪೇರಿ ಆಯಿತು, ಕರಡೂ ಮುಗಿಯಿತು

ಗದಗಿನ ನಮ್ಮ ಹಳೆಯ ಮನೆಯ ಬಗ್ಗೆ ಬರೆಯುತ್ತಿದ್ದ ಪುಸ್ತಕದ ಮೊದಲ ಕರಡು ಕಳೆದ ವಾರ ಮುಗಿಯಿತು. 286 ಪುಟ ಆಯಿತು. ಅದಕ್ಕೂ ಸ್ವಲ್ಪ ಮೊದಲು ಅಜ್ಜನ ಡೆಸ್ಕಿನ ರಿಪೇರಿ ಮುಗಿದಿತ್ತು. ಎರಡೂ ಬೇರೆ ಬೇರೆ ಕೆಲಸ ಎಂದುಕೊಂಡೇ ಶುರು ಮಾಡಿದ್ದೆ. ಆದರೆ ಡೆಸ್ಕು ಬಿಚ್ಚದೆ ಇದ್ದಿದ್ದರೆ ಪುಸ್ತಕ ಇನ್ನೂ ಹನ್ನೊಂದನೇ ಅಧ್ಯಾಯದಲ್ಲೇ ನಿಂತಿರುತ್ತಿತ್ತು. ಹಳೆಯ ಮನೆ ಮಾರಿ, ಸಾಮಾನು ಮಾತ್ರ ಯಾರದೋ ಗೋದಾಮಿನಲ್ಲಿ ಇಟ್ಟವರು ನಮ್ಮ ಕಡೆ ಬಹಳ ಮಂದಿ ಇದ್ದಾರೆ. ಅವರ ಉಪಯೋಗಕ್ಕೆ ಬರಲಿ ಎಂದು ಏನೇನು ಮಾಡಿದೆ, ಎಷ್ಟು ಖರ್ಚಾಯಿತು, ಯಾವುದು ಹಿಡಿಯಲಿಲ್ಲ ಅನ್ನುವುದನ್ನು ಬರೆದಿಡುತ್ತಿದ್ದೇನೆ.

1. ಸಾಮಾನು ಧಾರವಾಡಕ್ಕೆ ಬಂದದ್ದು (ಜನವರಿ)

ನಮ್ಮದು ಮಣ್ಣಿನ ಮಾಳಿಗೆಯ ಮನೆ. ಮಾರಿದ ಮೇಲೆ ಕೊಂಡವರು ಅದನ್ನು ಕೆಡವಿ ಕಾಂಕ್ರೀಟು ಹಾಕಿದರು. ಸಾಮಾನೆಲ್ಲ ಬೆಟಗೇರಿಯಲ್ಲಿ ಮಾವನ ಗೋದಾಮಿನಲ್ಲಿತ್ತು. ಗೋದಾಮು ಖಾಲಿ ಮಾಡಬೇಕಾಗಿ ಬಂದಾಗ ಮಾವ ಫೋನ್ ಮಾಡಿ, "ಏನ್ ಬೇಕೋ ತಗೊಂಡ್ ಹೋಗವಾ, ಉಳದದ್ದು ಮೋಡಕಾಕ ಹಾಕ್ತೀನಿ" ಅಂದರು. ಟಾಟಾ ಏಸ್ ಮಾಡಿಕೊಂಡು ಅಣ್ಣಿಗೇರಿ, ಹುಬ್ಬಳ್ಳಿ ಮೇಲೆ ಧಾರವಾಡಕ್ಕೆ ತಂದೆ. ಬಾಡಿಗೆ 3,500 ರೂಪಾಯಿ.

ಬಂದದ್ದು ಇಷ್ಟು: ಎರಡು ತಗಡಿನ ಟ್ರಂಕು, ಒಂದು ಹಿತ್ತಾಳೆ ಹಂಡೆ, ಬೀಸುವ ಕಲ್ಲಿನ ಮೇಲಿನ ಭಾಗ, ಕಬ್ಬಿಣದ ತೊಟ್ಟಿಲು ಸರಪಳಿ, ಅಪ್ಪನ ಹಳೆಯ ಕಂಪ್ಯೂಟರಿನ ಸಿಡಿಗಳ ಡಬ್ಬಿ, ಮತ್ತೆ ಅಜ್ಜನ ಡೆಸ್ಕು. ಅಜ್ಜ ಅರಳೆಯ ಅಡತಿ (ದಲ್ಲಾಳಿ) ಅಂಗಡಿಯೊಂದರಲ್ಲಿ ದಿವಾನಜಿ, ಅಂದರೆ ಲೆಕ್ಕ ಬರೆಯುವವರು ಆಗಿದ್ದರು. ಇದು ಅಂಗಡಿಯದ್ದಲ್ಲ, ಮನೆಯ ಪಡಸಾಲೆಯಲ್ಲಿ ಇದ್ದದ್ದು. ಕುರ್ಚಿ ಬೇಡದ ಡೆಸ್ಕು, ನೆಲದ ಮೇಲೆ ಚಕ್ಕಳಮಕ್ಕಳ ಹಾಕಿ ಕೂತು ಬರೆಯುವಂಥದ್ದು. ಅಳತೆ: ಅಗಲ 24 ಇಂಚು, ಉದ್ದ 18 ಇಂಚು, ಹಿಂಬದಿ ಎತ್ತರ 11 ಇಂಚು, ಮುಂಬದಿ 6 ಇಂಚು. ಮುಚ್ಚಳ ಇಳಿಜಾರು. ತೆರೆದರೆ ಒಳಗೆ ಪೆಟ್ಟಿಗೆ.

ಕೆಲಸವನ್ನು ಮಳೆಗಾಲದ ಒಳಗೆ ಮುಗಿಸಬೇಕು ಅಂತ ಮೊದಲೇ ಗಟ್ಟಿ ಮಾಡಿಕೊಂಡಿದ್ದೆ. ಗದಗಿನ ಒಣ ಹವೆಯಲ್ಲಿ ಅಷ್ಟು ವರ್ಷ ಬದುಕಿದ ಮರ ಮತ್ತು ಕಾಗದ, ಧಾರವಾಡದ ಜೂನ್-ಜುಲೈ ಥಂಡಿಯಲ್ಲಿ ಹಾಗೆಯೇ ಉಳಿಯುತ್ತವೆ ಎಂದು ನಂಬುವಂತಿಲ್ಲ.

2. ಬಿಚ್ಚಿದ್ದು

ಮುಚ್ಚಳಕ್ಕೆ ಕೀಲಿ ಹಾಕಿತ್ತು. ಕೀಲಿಕೈ ಇರಲಿಲ್ಲ. ಮುರಿಯುವ ಮನಸ್ಸಾಗಲಿಲ್ಲ. ಹಿಂಬದಿಯ ಹಿತ್ತಾಳೆ ಬಿಜಾಗರಿಯ ಸ್ಕ್ರೂ ಬಿಚ್ಚಿ ಮುಚ್ಚಳವನ್ನು ಹಿಂದಿನಿಂದ ಎತ್ತಿದೆ. ಸ್ಕ್ರೂಗಳು ತುಕ್ಕು ಹಿಡಿದು ಕೂತಿದ್ದವು. ಒಂದೊಂದು ತಲೆಗೆ ಎರಡು ಹನಿ ಸೀಮೆಎಣ್ಣೆ ಬಿಟ್ಟು ರಾತ್ರಿಯೆಲ್ಲ ಹಾಗೇ ಇಟ್ಟೆ. ಬೆಳಿಗ್ಗೆ ಸ್ಕ್ರೂಡ್ರೈವರನ್ನು ಮೊದಲು ಬಿಗಿ ಮಾಡುವ ಕಡೆಗೆ ಒಂದು ಎಳೆ ತಿರುಗಿಸಿ, ಆಮೇಲೆ ಬಿಚ್ಚುವ ಕಡೆ ತಿರುಗಿಸಿದೆ. ಹೀಗೆ ಮಾಡಿದರೆ ತುಕ್ಕಿನ ಹಿಡಿತ ಬೇಗ ಬಿಡುತ್ತದೆ. ಒಂದು ಸ್ಕ್ರೂ ತಲೆ ಮಾತ್ರ ಮುರಿದು ಒಳಗೇ ಉಳಿಯಿತು.

ಒಳಗೆ ಇದ್ದದ್ದು: ಕೆಂಪು ಬಟ್ಟೆ ರಟ್ಟಿನ ಮೂರು ವಹಿ (ಲೆಕ್ಕದ ಪುಸ್ತಕ), ದಾರದಲ್ಲಿ ಕಟ್ಟಿದ ಮೋಡಿ ಲಿಪಿಯ (ಹಿಂದೆ ಮರಾಠಿ ಬರೆಯಲು ಬಳಸುತ್ತಿದ್ದ ಲಿಪಿ) ಕಾಗದದ ಕಟ್ಟು, ನಿಬ್ಬಿಲ್ಲದ ಎರಡು ಪೆನ್ನಿನ ಕಡ್ಡಿ, ಒಣಗಿದ ಶಾಯಿ ದೌತಿ, ಒಂದು ಅಡಕತ್ತರಿ. ಎಲ್ಲದರ ಮೇಲೂ ಹಿಟ್ಟಿನಂತೆ ನುಣುಪಾದ ಬಿಳಿ ಪುಡಿ. ಅದನ್ನು ನೋಡಿದ ಕೂಡಲೇ ವಹಿಗಳನ್ನು ಎತ್ತಿ ಬೇರೆ ಕೋಣೆಗೆ ಸಾಗಿಸಿದೆ.

3. ಕುಟ್ಟೆಹುಳು

ನುಣುಪು ಪುಡಿ ಬಿದ್ದಿದೆ, ಸೂಜಿ ತಲೆಯಷ್ಟು ಸಣ್ಣ ದುಂಡು ತೂತು ಇವೆ ಅಂದರೆ ಅದು ಕುಟ್ಟೆಹುಳು. ಗೆದ್ದಲು ಹಾಗಲ್ಲ, ಅದು ಮಣ್ಣಿನ ಗೆರೆ ಕಟ್ಟಿಕೊಂಡು ಬರುತ್ತದೆ. ಎರಡಕ್ಕೂ ಔಷಧಿ ಹಾಕುವ ಬಗೆ ಬೇರೆ. ಅದಕ್ಕೇ ಮೊದಲು ಯಾವುದು ಅಂತ ನೋಡಿಕೊಳ್ಳಬೇಕು.

ಪುಡಿ ಎಲ್ಲಿಂದ ಅಂತ ಹುಡುಕಿದೆ. ಪಕ್ಕದ ಹಲಗೆ, ಮುಚ್ಚಳ ಎಲ್ಲ ಸಾಗವಾನಿ. ಅವುಗಳಲ್ಲಿ ಒಂದೂ ತೂತಿಲ್ಲ. ಸಾಗವಾನಿಯ ಒಳತಿರುಳನ್ನು ಈ ಹುಳು ತಿನ್ನುವುದಿಲ್ಲ. ತಳದ ಹಲಗೆ ಮಾತ್ರ ಬೇರೆ ಮರ. ಬಡಿಗೇರ ಕಾಕಾ ಬಂದು ಉಗುರಿನಿಂದ ಕೆರೆದು ನೋಡಿ, "ಇದು ಮಾವಿನ ಹಲಗಿ ಐತವಾ. ಕಾಣದ ಜಾಗಕ್ಕ ಸೋವಿ ಕಟಗಿ ಹಾಕಿದಾರ" ಅಂದರು. ತಳ ಜರಡಿಯಾಗಿತ್ತು. ಹೆಬ್ಬೆರಳು ಒತ್ತಿದರೆ ಒಳಗೆ ಹೋಗುತ್ತಿತ್ತು.

ಉಳಿಸಿಕೊಳ್ಳುವ ಪ್ರಯತ್ನ ಮಾಡಿದೆ. ತೂತುಗಳಿಗೆ ಸಿರಿಂಜಿನಿಂದ ಹುಳುವಿನ ಔಷಧಿ ಹಾಕಿದೆ (ಕ್ಲೋರೋಪೈರಿಫಾಸ್, ಡಬ್ಬಿಯ ಮೇಲೆ ಹೇಳಿದಷ್ಟು ನೀರು ಬೆರೆಸಿ). ಕೈಗವಸು, ಮಾಸ್ಕು ಹಾಕಿಕೊಂಡು, ಹಿತ್ತಲಲ್ಲಿ, ಮಕ್ಕಳು ನಾಯಿ ಯಾರೂ ಹತ್ತಿರ ಬರದಂತೆ. ಪ್ಲಾಸ್ಟಿಕ್ಕಿನಲ್ಲಿ ಸುತ್ತಿ ಇಟ್ಟೆ. ಎರಡು ವಾರ ಬಿಟ್ಟು ತೆರೆದು ಕೆಳಗೆ ಕರಿ ಹಾಳೆ ಹಾಸಿದೆ. ಮರುದಿನ ಹಾಳೆಯ ಮೇಲೆ ಮತ್ತೆ ಬಿಳಿ ಪುಡಿ. ಹುಳು ಸತ್ತಿದ್ದರೂ ಹಳೆಯ ಪುಡಿ ಉದುರಬಹುದು, ಅದು ಗೊತ್ತು. ಆದರೆ ಹಲಗೆಯಲ್ಲಿ ಉಳಿದದ್ದೇ ಕಡಿಮೆ. ತೆಗೆದು ಹಾಕುವುದೇ ಸರಿ ಅನ್ನಿಸಿತು. ಔಷಧಿ 210, ಸಿರಿಂಜು 20.

ಹೊಸ ತಳಕ್ಕೆ ಪ್ಲೈವುಡ್ ಸಾಕು ಅಂತ ಎಲ್ಲರೂ ಹೇಳಿದರು. ಮನಸ್ಸು ಒಪ್ಪಲಿಲ್ಲ. ಹುಬ್ಬಳ್ಳಿಯಲ್ಲಿ ಕೆಡವಿದ ಮನೆಗಳ ಕಟ್ಟಿಗೆ ಮಾರುವ ಅಡ್ಡೆಗೆ ಹೋಗಿ ಹಳೆಯ ಸಾಗವಾನಿ ಬಾಗಿಲಿನ ಒಂದು ಹಲಗೆ ತಂದೆ, 900 ರೂಪಾಯಿ. ಹಳೆಯ ಹಲಗೆಗೆ ಇನ್ನೊಂದು ಲಾಭ ಇದೆ. ಅದು ಒಣಗುವುದು, ಬಾಗುವುದು ಎಲ್ಲ ಮುಗಿದಿರುತ್ತದೆ. ಕೊಯ್ದ ಮೇಲೆ ಮತ್ತೆ ಸೆಟೆದುಕೊಳ್ಳುವ ಭಯ ಕಡಿಮೆ. ಕೊಳ್ಳುವ ಮೊದಲು ಮೊಳೆಗಳನ್ನು ನೋಡಿ. ಒಳಗೆ ಮುರಿದು ಉಳಿದ ಮೊಳೆ ಗರಗಸದ ಹಲ್ಲು ತೆಗೆಯುತ್ತದೆ.

4. ಮೂಲೆಗಳ ಕೂಡಿಕೆ

ನಾಲ್ಕೂ ಮೂಲೆ ಹಲ್ಲು ಹಲ್ಲಾಗಿ ಕೂಡಿಸಿದವು, ಒಂದೂ ಮೊಳೆ ಇಲ್ಲ. ಎರಡು ಮೂಲೆ ಸಡಿಲಾಗಿ ಅಲ್ಲಾಡುತ್ತಿದ್ದವು. ಕಾಕಾ ನೇರವಾಗಿ ಫೆವಿಕಾಲ್ ತುಂಬಿ ಕ್ಲಾಂಪು ಬಿಗಿದರು. ಮರುದಿನ ಕೈಯಲ್ಲಿ ಎಳೆದರೆ ಬಿಟ್ಟುಕೊಂಡಿತು. ಕಾರಣ ಒಳಗಿದ್ದ ಹಳೆಯ ಸರೇಸು. ಆಗಿನವರು ಪ್ರಾಣಿಗಳ ಚರ್ಮ, ಎಲುಬಿನಿಂದ ಮಾಡಿದ ಸರೇಸು ಬಳಸುತ್ತಿದ್ದರು. ಅದರ ಮೇಲೆ ಈಗಿನ ಬಿಳಿ ಅಂಟು ಮರದ ಒಳಗೆ ಇಳಿಯುವುದಿಲ್ಲ. ಹಳೆಯ ಸರೇಸು ಬಿಸಿ ನೀರಿಗೆ ಮೆತ್ತಗಾಗುತ್ತದೆ. ಬಿಸಿ ನೀರಲ್ಲಿ ಹಿಂಡಿದ ಬಟ್ಟೆ ಸುತ್ತಿ ಹದಿನೈದು ನಿಮಿಷ ಬಿಟ್ಟು, ಹಲ್ಲುಜ್ಜುವ ಬ್ರಷ್ಷಿನಿಂದ ಉಜ್ಜಿ ತೆಗೆದೆ. ಕಂದು ಬಣ್ಣದ ಅಂಟು ಪೂರ್ತಿ ಹೋಗುವವರೆಗೆ ಮಾಡಿ, ನೆರಳಲ್ಲಿ ಒಣಗಿಸಿ, ಮತ್ತೆ ಫೆವಿಕಾಲ್. ಈ ಸಲ ಹಿಡಿಯಿತು. ಈಗ ಡೆಸ್ಕಿನ ಮೇಲೆ ಮೊಣಕೈ ಊರಿ ಭಾರ ಹಾಕಿದರೂ ಅಲ್ಲಾಡುವುದಿಲ್ಲ.

ಮುಚ್ಚಳದ ಕೆಳ ಅಂಚಿನಲ್ಲಿ ಕಾಗದ ಜಾರದಂತೆ ಒಂದು ಪಟ್ಟಿ ಇತ್ತು. ಅರ್ಧ ಮುರಿದಿತ್ತು. ಅರ್ಧ ಇಂಚಿನ ಹೊಸ ಪಟ್ಟಿ ಕೂರಿಸಿದೆವು. ಹಳೆಯ ಬಿಜಾಗರಿಯ ಒಂದು ಎಲೆ ಸೀಳಿತ್ತು, ಅದಕ್ಕೆ ಹೊಸ ಜೋಡಿ ಹಿತ್ತಾಳೆಯದು, 360. ಬಡಿಗೇರ ಕಾಕಾನ ಕೂಲಿ ಒಟ್ಟು 2,400.

5. ಮುಚ್ಚಳದ ಒಳಮೈ

ಕಾಕಾ ಮುಚ್ಚಳದ ಹೊರಮೈಗೆ 120 ನಂಬರಿನ ಸ್ಯಾಂಡ್‌ಪೇಪರ್, ಆಮೇಲೆ 220 ಹಾಕಿ ಉಜ್ಜಿದರು. ತಿರುಗಿಸಿ ಒಳಮೈಗೂ ಕೈ ಹಾಕಿದರು. "ಒಳಗ ಸುದ್ದಾ ಉಜ್ಜಿಬಿಡ್ತೀನವಾ, ಸ್ವಚ್ಛ ಆಗ್ತದ" ಅಂದರು. ನಾನು ಟಾರ್ಚು ಹಿಡಿದು ಪಕ್ಕದಿಂದ ಬೆಳಕು ಬಿಟ್ಟು ನೋಡುತ್ತಿದ್ದೆ. ಧೂಳಿನ ಕೆಳಗೆ ಕರಿ ಶಾಯಿಯಲ್ಲಿ ಬರೆದದ್ದು ಕಂಡಿತು. "ಕಾಕಾ, ನಿಲ್ಲಸ್ರಿ, ನಿಲ್ಲಸ್ರಿ!" ಅಂತ ಕೂಗಿದೆ.

ಮೆತ್ತನೆ ಬ್ರಷ್ಷಿನಿಂದ ಧೂಳು ತೆಗೆದಾಗ ಅಜ್ಜನ ಅಕ್ಷರ ಸ್ಪಷ್ಟವಾಯಿತು. ಮೇಲೆ "1-4-57". ಕೆಳಗೆ ಎರಡು ಸಾಲು ಅಂಕಿ:

1 ಆಣೆ 6
2 ಆಣೆ 12
3 ಆಣೆ 19
4 ಆಣೆ 25

ಹೀಗೆ 16 ಆಣೆ 100 ರವರೆಗೆ. ನಯಾ ಪೈಸೆಯ ಲೆಕ್ಕ. 1957ರ ಏಪ್ರಿಲ್ 1ರಂದು ದೇಶದಲ್ಲಿ ದಶಮಾನ ನಾಣ್ಯ ಬಂತು. ಅಲ್ಲಿಯವರೆಗೆ ರೂಪಾಯಿಗೆ 16 ಆಣೆ, ಆಣೆಗೆ 12 ಪೈ. ಒಂದು ಆಣೆ ಅಂದರೆ ಆರೂಕಾಲು ಹೊಸ ಪೈಸೆ. ಕಾಲು ಪೈಸೆ ಕೊಡಲು ಬರುವುದಿಲ್ಲ, ಅದಕ್ಕೆ ಮೂರು ಆಣೆಗೆ 19 ಅಂತ ಸರ್ಕಾರವೇ ಪಟ್ಟಿ ಕೊಟ್ಟಿತ್ತು. ಅಜ್ಜ ಅದನ್ನು ದಿನವೂ ತೆರೆಯುವ ಮುಚ್ಚಳದ ಒಳಗೆ, ಕಣ್ಣಿಗೆ ಬೀಳುವಂತೆ ಬರೆದಿಟ್ಟುಕೊಂಡಿದ್ದರು. ಜೀವಮಾನವಿಡೀ ಆಣೆಯಲ್ಲಿ ಲೆಕ್ಕ ಹಾಕಿದ ಮನುಷ್ಯ ಹೊಸದನ್ನು ಹೊಸದಾಗಿ ಕಲಿತದ್ದು ಅಲ್ಲಿ ಕಾಣುತ್ತದೆ. ನನಗೆ ಕಣ್ಣು ತುಂಬಿ ಬಂತು.

ಇದನ್ನು ಉಳಿಸಿದ ಬಗೆ: ಒಂದು ಮೂಲೆಯಲ್ಲಿ, ಅಕ್ಷರವಲ್ಲದ ಶಾಯಿ ಕಲೆಯ ಮೇಲೆ, ತೇವದ ಹತ್ತಿ ಮುಟ್ಟಿಸಿ ನೋಡಿದೆ. ಹತ್ತಿಗೆ ಬಣ್ಣ ಹತ್ತಿತು. ಅಂದರೆ ನೀರು ತಾಗಿಸುವಂತಿಲ್ಲ. ಎಣ್ಣೆಯೂ ಬೇಡ ಅನ್ನಿಸಿತು. ಆದರೆ ಕಾಕಾ ಒಂದು ಸರಿಯಾದ ಮಾತು ಹೇಳಿದರು: "ಒಂದ ಕಡೆ ಅಷ್ಟ ಎಣ್ಣಿ ಕುಡಿಸಿ ಇನ್ನೊಂದ ಕಡೆ ಬಿಟ್ರ ಹಲಗಿ ಬಾಗ್ತದವಾ." ಮಳೆಗಾಲದ ತೇವ ಎರಡೂ ಮೈಯಿಂದ ಸಮನಾಗಿ ಒಳಗೆ ಹೋಗಿ ಬರಬೇಕು. ಅದಕ್ಕೆ ಬರಹದ ಸುತ್ತ 5 ಇಂಚು ಅಗಲ 7 ಇಂಚು ಉದ್ದದ ಚೌಕ ಬಿಟ್ಟು, ಪೇಂಟರುಗಳು ಬಳಸುವ ಕಾಗದದ ಟೇಪು ಹಚ್ಚಿ, ಉಳಿದ ಒಳಮೈಗೆಲ್ಲ ಎಣ್ಣೆ ಕೊಟ್ಟೆವು. ಆಮೇಲೆ ಟೇಪು ತೆಗೆದು, ಬರಹಕ್ಕೆ ತಾಗದಂತೆ ಮೇಲೊಂದು ಪಾರದರ್ಶಕ ಹಾಳೆಯನ್ನು ಸಣ್ಣ ಪಿನ್ನಿನಿಂದ ನಾಲ್ಕೂ ಮೂಲೆಗೆ ಹಿಡಿಸಿದೆ.

ಹಳೆಯ ಮರದ ಸಾಮಾನು ಉಜ್ಜುವವರಿಗೆ ನನ್ನದು ಒಂದೇ ಕೋರಿಕೆ. ಒಳಮೈ, ಖಾನೆಯ ತಳ, ಬಾಗಿಲ ಹಿಂಬದಿ, ಎಲ್ಲವನ್ನೂ ಟಾರ್ಚು ಅಡ್ಡ ಹಿಡಿದು ನೋಡಿ. ಫೋಟೋ ತೆಗೆದುಕೊಳ್ಳಿ. ಆಮೇಲೆ ಸ್ಯಾಂಡ್‌ಪೇಪರ್ ಮುಟ್ಟಿ.

6. ಎಣ್ಣೆ

ಅಗಸೆ ಎಣ್ಣೆ ಮರಕ್ಕೆ ಒಳ್ಳೆಯದು ಅಂತ ಎಲ್ಲರೂ ಹೇಳುತ್ತಾರೆ. ನಮ್ಮಲ್ಲಿ ಅಗಸಿ ಹಿಂಡಿ (ಚಟ್ನಿಪುಡಿ) ಇಲ್ಲದ ಮನೆ ಇಲ್ಲ, ಎಣ್ಣೆಯೂ ಸಿಗುತ್ತದೆ. ಗಾಣದಿಂದ ಅರ್ಧ ಲೀಟರ್ ತಂದು (250 ರೂ.) ಹಚ್ಚಿದೆ. ಬಣ್ಣ ಚೆಂದ ಬಂತು. ಆದರೆ ವಾರ ಕಳೆದರೂ ಅಂಟಂಟು ಹೋಗಲಿಲ್ಲ. ಧೂಳು ಕೂತು ಮೈ ಒರಟಾಯಿತು. ಗಾಣದ ಹಸಿ ಎಣ್ಣೆ ಬಹಳ ನಿಧಾನ ಒಣಗುತ್ತದೆ. ಪೇಂಟ್ ಅಂಗಡಿಯಲ್ಲಿ ಸಿಗುವ 'ಡಬಲ್ ಬಾಯಿಲ್ಡ್' ಅಗಸೆ ಎಣ್ಣೆಯೇ ಬೇರೆ, ಅದರಲ್ಲಿ ಬೇಗ ಒಣಗಿಸುವ ಪದಾರ್ಥ ಇರುತ್ತದೆ.

ಟರ್ಪೆಂಟೈನ್ (180) ಬಟ್ಟೆಗೆ ಹಾಕಿ ಅಂಟೆಲ್ಲ ಒರೆಸಿ ತೆಗೆದೆ. ಪೇಂಟ್ ಅಂಗಡಿಯ ಎಣ್ಣೆಗೆ (ಅರ್ಧ ಲೀಟರ್ 220) ಅಷ್ಟೇ ಟರ್ಪೆಂಟೈನ್ ಬೆರೆಸಿ ತೆಳ್ಳಗೆ ಹಚ್ಚಿ, ಅರ್ಧ ತಾಸು ಬಿಟ್ಟು, ಮೇಲೆ ಉಳಿದದ್ದನ್ನು ಪೂರ್ತಿ ಒರೆಸಿದೆ. ಒರೆಸುವುದೇ ಮುಖ್ಯ. ಒಣಗಿದ ಮೇಲೆ ಇನ್ನೆರಡು ಕೈ.

ಎಣ್ಣೆ ಬಟ್ಟೆಗಳನ್ನು ಮುದ್ದೆ ಮಾಡಿ ಮೂಲೆಗೆ ಎಸೆಯಬೇಡಿ. ಅಗಸೆ ಎಣ್ಣೆ ಒಣಗುವಾಗ ಬಿಸಿ ಹುಟ್ಟುತ್ತದೆ. ಮುದ್ದೆಯಾಗಿದ್ದರೆ ಆ ಬಿಸಿ ಒಳಗೇ ಕೂಡಿ ತಾನಾಗಿ ಬೆಂಕಿ ಹತ್ತಬಹುದು. ನಾನು ಹಿತ್ತಲ ಕಲ್ಲಿನ ಮೇಲೆ ಒಂದೊಂದಾಗಿ ಹರಡಿ, ಗಟ್ಟಿಯಾಗುವವರೆಗೆ ಒಣಗಿಸಿ ಆಮೇಲೆ ಎಸೆದೆ.

7. ವಹಿಗಳು (ಮಾರ್ಚ್)

ವಹಿಗಳಿಗೆ ಥಂಡಿ ವಾಸನೆ ಹಿಡಿದಿತ್ತು. ಅಂಚಿನಲ್ಲಿ ಬೂದು ಬೂಷ್ಟು. ಬಿಸಿಲಿಗೆ ಇಟ್ಟರೆ ಕಾಗದ ಇನ್ನೂ ಪುಡಿಯಾಗುತ್ತದೆ, ಶಾಯಿ ಮಾಸುತ್ತದೆ. ಗಾಳಿ ಆಡುವ ಕೋಣೆಯ ನೆರಳಲ್ಲಿ, ಪುಟಗಳನ್ನು ಬೀಸಣಿಗೆಯಂತೆ ಬಿಡಿಸಿ ನಿಲ್ಲಿಸಿದೆ. ಒಣಗಿದ ಮೇಲೆ ಮಾಸ್ಕು ಹಾಕಿಕೊಂಡು ಮೆತ್ತನೆ ಬ್ರಷ್ಷಿನಿಂದ ಹೊರಗಡೆ ಕೂತು ಒಂದೊಂದೇ ಪುಟ ಒರೆಸಿದೆ. ಬೂಷ್ಟಿನ ಧೂಳು ಎದೆಗೆ ಹೋಗಬಾರದು. ಬ್ರಷ್ಷು, ಮಾಸ್ಕು 240.

ಹರಿದ ಪುಟಗಳಿಗೆ ಸೆಲ್ಲೋ ಟೇಪು ಮಾತ್ರ ಬೇಡ. ಕೆಲವು ವರ್ಷಕ್ಕೆ ಅದು ಹಳದಿಯಾಗಿ, ಅಂಟು ಕಾಗದದೊಳಗೆ ಇಳಿದು, ಶಾಶ್ವತ ಕಲೆ ಬಿಡುತ್ತದೆ. ಬೈಂಡಿಂಗ್ ಮಾಡುವ ಹಿರಿಯರೊಬ್ಬರು ಮೈದಾ ಅಂಟಿಗೆ ಚಿಟಿಕೆ ಮೈಲುತುತ್ತ ಹಾಕು, ಹುಳ ಬರಲ್ಲ ಅಂದರು. ಅದು ಹಳೆಯ ಪದ್ಧತಿ, ನಿಜ. ಆದರೆ ಅದು ವಿಷ, ಮತ್ತೆ ಈ ಪುಟಗಳನ್ನು ನಾನು ದಿನವೂ ಮುಟ್ಟಬೇಕು. ಬರೀ ಗೋಧಿ ಗಂಜಿಯ ತೆಳು ಅಂಟು ಮಾಡಿಕೊಂಡು, ತರಿಸಿಕೊಂಡ ಜಪಾನಿ ಟಿಶ್ಯೂ ಕಾಗದದ (850 ರೂ.) ಸಣ್ಣ ಪಟ್ಟಿ ಹಚ್ಚಿದೆ. ಈ ಇಡೀ ಕೆಲಸದಲ್ಲಿ ದುಬಾರಿ ಅನ್ನಿಸಿದ್ದು ಇದೊಂದೇ. ಅಕ್ಷರ ಅದರ ಮೂಲಕ ಕಾಣುತ್ತದೆ, ಬೇಕಾದರೆ ನೀರು ತಾಗಿಸಿ ತೆಗೆಯಲೂಬಹುದು.

ಸ್ಕ್ಯಾನರಿನಲ್ಲಿ ಒತ್ತಿದರೆ ಬೆನ್ನು ಮುರಿಯುತ್ತದೆ. ಹಾಗಾಗಿ ಫೋನನ್ನು ಸ್ಟ್ಯಾಂಡಿಗೆ ಹಾಕಿ ಮೇಲಿನಿಂದ ಫೋಟೋ ತೆಗೆದೆ. ಕಿಟಕಿ ಬೆಳಕು ಸಾಕು, ಫ್ಲಾಶ್ ಬೇಡ.

8. ಹನ್ನೊಂದನೇ ಅಧ್ಯಾಯ

ಈಗ ಬರೆಯುವ ಕೆಲಸಕ್ಕೆ ಬರುತ್ತೇನೆ. ನನ್ನ ಪುಸ್ತಕದ ಹನ್ನೊಂದನೇ ಅಧ್ಯಾಯ 1956ರದ್ದು. ಆ ವರ್ಷ ನವೆಂಬರ್ 1ಕ್ಕೆ ಧಾರವಾಡ ಜಿಲ್ಲೆ ಮುಂಬಯಿ ರಾಜ್ಯ ಬಿಟ್ಟು ಹೊಸ ಮೈಸೂರು ರಾಜ್ಯಕ್ಕೆ ಸೇರಿತು. ಗದಗ ಆಗ ಧಾರವಾಡ ಜಿಲ್ಲೆಯ ತಾಲೂಕು, ಬೇರೆ ಜಿಲ್ಲೆ ಆದದ್ದು 1997ರಲ್ಲಿ. ಏಕೀಕರಣಕ್ಕಾಗಿ ನಮ್ಮ ಭಾಗ ಎಷ್ಟು ಹೋರಾಡಿತು ಅನ್ನುವುದು ಎಲ್ಲರಿಗೂ ಗೊತ್ತು. 1953ರಲ್ಲಿ ಹುಬ್ಬಳ್ಳಿ ಪಕ್ಕದ ಅದರಗುಂಚಿಯಲ್ಲಿ ಶಂಕರಗೌಡ ಪಾಟೀಲರು ಉಪವಾಸ ಕೂತಿದ್ದರು. ಹಾಗಾಗಿ ನಾನು ಆ ಅಧ್ಯಾಯದಲ್ಲಿ ಮೆರವಣಿಗೆ, ಜೈಕಾರ, ಮನೆ ತುಂಬ ಹಣತಿ, ಅಜ್ಜನ ಕಣ್ಣಲ್ಲಿ ನೀರು, ಎಲ್ಲ ಬರೆದಿದ್ದೆ. ಇವನ್ನು ನನಗೆ ಯಾರೂ ಹೇಳಿರಲಿಲ್ಲ. ಆ ದಿನ ಹಾಗೇ ಇದ್ದಿರಬೇಕು ಅಂತ ಬರೆದದ್ದು. ಎಷ್ಟು ಸಲ ತಿದ್ದಿದರೂ ಅಧ್ಯಾಯ ಉಸಿರಾಡುತ್ತಿರಲಿಲ್ಲ. ಅಲ್ಲಿಂದ ಮುಂದೆ ಒಂದು ಸಾಲೂ ಹೋಗಿರಲಿಲ್ಲ.

ಮೂರು ವಹಿಯಲ್ಲಿ ಎರಡು ಮನೆಯ ಕಿರ್ದಿ, ಅಂದರೆ ದಿನದ ಜಮಾ-ಖರ್ಚು. ಗೆರೆ ಹಾಕಿದ ಕಾಗದ ಅಲ್ಲ. ಹಾಳೆ ಮಡಿಸಿದ ಗುರುತುಗಳೇ ಕಾಲಮ್ಮು. ಎಡಕ್ಕೆ ಜಮಾ, ಬಲಕ್ಕೆ ಖರ್ಚು. ವರ್ಷ ಶುರುವಾಗುವುದು ಬಲಿಪಾಡ್ಯಮಿಗೆ. ಮೊದಲ ಪುಟದಲ್ಲಿ ಅರಿಸಿನ ಕುಂಕುಮದ ಗುರುತು, "ಶ್ರೀ", ಆಮೇಲೆ "ಶಕೆ 1878 ದುರ್ಮುಖನಾಮ ಸಂವತ್ಸರ". ಹಳೆಯ ವಹಿ ಓದುವವರಿಗೆ ಒಂದು ಮಾತು: ಸಂವತ್ಸರದ ಹೆಸರು 60 ವರ್ಷಕ್ಕೆ ಮರಳಿ ಬರುತ್ತದೆ. ದುರ್ಮುಖ 1956ರಲ್ಲೂ ಬಂತು, 2016ರಲ್ಲೂ ಬಂತು. ಶಕೆಗೆ 78 ಕೂಡಿಸಿದರೆ ಇಸವಿ ಸಿಗುತ್ತದೆ. ಜನವರಿಯಿಂದ ಯುಗಾದಿವರೆಗಿನ ದಿನಗಳಿಗೆ 79 ಕೂಡಿಸಬೇಕು. ಪುಟದಲ್ಲಿ ಆಣೆ-ಪೈ ಇದ್ದರೆ 1957ಕ್ಕಿಂತ ಹಿಂದಿನದು ಅಂತ ಸುಮಾರಾಗಿ ಹೇಳಬಹುದು. ಆದರೆ ರೂಢಿ ತಕ್ಷಣ ಹೋಗಲಿಲ್ಲ. ಅಜ್ಜನೇ ಆ ಬೇಸಿಗೆಯಲ್ಲಿ ಒಂದೇ ಪುಟದಲ್ಲಿ ಎರಡೂ ಬರೆದಿದ್ದಾರೆ.

1956ರಲ್ಲಿ ದೀಪಾವಳಿ ಏಕೀಕರಣದ ವಾರದಲ್ಲೇ ಬಂದಿತ್ತು. ಹಾಗಾಗಿ ನವೆಂಬರ್ 1 ಹಿಂದಿನ ವಹಿಯ ಕೊನೆಯ ಹಾಳೆಯಲ್ಲಿದೆ. ಗುರುವಾರ. ನಾನು ಹುಡುಕಿದ ಮೆರವಣಿಗೆ ಅಲ್ಲಿಲ್ಲ. ಮಾಮೂಲು ಖರ್ಚು: ಹಾಲು, ಶೇಂಗಾ ಎಣ್ಣೆ, ಹಣತಿ ಒಂದು ಡಜನ್, ಬಳಪ. ಹಣತಿ ದೀಪಾವಳಿಯದ್ದೇ ಇರಬೇಕು. ಕೊನೆಯ ಸಾಲು ಇದು: "ಕೊಪ್ಪಳ ಅಕ್ಕಗ ಪೇಢೆ ಅರ್ಧ ಶೇರು, ಹೋಗುವವರ ಕೈಲೆ ಕಳಿಸಿದ್ದು, 1-12-0." ಅಂದರೆ 1 ರೂಪಾಯಿ 12 ಆಣೆ.

ಮೊದಲು ಇದು ಹಬ್ಬದ ಸಿಹಿ ಅಂದುಕೊಂಡೆ. ಆದರೆ ಹಿಂದಿನ ವರ್ಷದ ದೀಪಾವಳಿಯಲ್ಲಿ ಅಕ್ಕನಿಗೆ ಪೇಢೆ ಹೋಗಿಲ್ಲ. ಮುಂದಿನ ವರ್ಷವೂ ಇಲ್ಲ. ಸೀರೆ, ಅರಿಸಿನ ಕುಂಕುಮ ಪ್ರತಿ ವರ್ಷ ಇದೆ. ಪೇಢೆ ಆ ಒಂದು ದಿನ ಮಾತ್ರ.

ಕೊಪ್ಪಳ ಗದಗಿನಿಂದ ದೂರ ಇಲ್ಲ, ಒಂದೇ ರೈಲು ಹಾದಿ. ಆದರೆ ಅಂದಿನವರೆಗೆ ಅದು ಹೈದರಾಬಾದ್ ರಾಜ್ಯದ ರಾಯಚೂರು ಜಿಲ್ಲೆ. ಅಜ್ಜನ ಅಕ್ಕನನ್ನು ಕೊಟ್ಟದ್ದು ಅಲ್ಲಿಗೆ. ಮೂರನೇ ವಹಿ ಹಳೆಯದು, ನಿಜಾಮರ ಕಾಲದ್ದು. ಅದನ್ನು ತೆಗೆದು ಅಕ್ಕನ ಹೆಸರು ಹುಡುಕಿದೆ. ಸಿಕ್ಕಿತು. "ಅಕ್ಕಗ ಕಲದಾರ 6, ಹಾಲಿ 7." ನಿಜಾಮರ ರಾಜ್ಯದಲ್ಲಿ ಹಾಲಿ ಸಿಕ್ಕಾ ಅಂತ ಬೇರೆಯೇ ರೂಪಾಯಿ ಇತ್ತು. ನಮ್ಮ ಕಡೆಯ ಕಲದಾರ ರೂಪಾಯಿ ಆರಕ್ಕೆ ಅಲ್ಲಿಯ ಏಳು. ಇನ್ನೊಂದು ಪುಟದಲ್ಲಿ "ನಾಕಾದಲ್ಲಿ ಕೊಟ್ಟಿದ್ದು" ಅಂತ ಖರ್ಚು. ಗಡಿಯಲ್ಲಿ ಕರೋಡಗಿರಿ ನಾಕಾ ಇರುತ್ತಿತ್ತು, ಸಾಮಾನಿಗೆ ಸುಂಕ ಕಟ್ಟಬೇಕಿತ್ತು. ತವರಿನಿಂದ ಅಕ್ಕನ ಮನೆಗೆ ಹೋಗುವ ಗಂಟಿಗೂ ಸುಂಕ.

ಅವ್ವನಿಗೆ ತೋರಿಸಿದೆ. ಅವ್ವ ಪುಟದ ಮೇಲೆ ಕೈ ಇಟ್ಟುಕೊಂಡು ಬಹಳ ಹೊತ್ತು ಕೂತಳು. "ಕೊಪ್ಪಳ ಅಜ್ಜಿ ಅಂದ್ರ ನಿಮ್ಮ ಅಜ್ಜಗ ತಾಯಿ ಇದ್ದಂಗ. ಆಕಿನ ಜೋಪಾನ ಮಾಡಿದ್ದು. 'ನಾವು ಈಗ ಒಂದ ರಾಜ್ಯದಾವ್ರು ಆದ್ವಿ' ಅಂತ ಅಜ್ಜಿ ಆಗಾಗ ಅಂತಿದ್ಲು. ನಾ ಸುಮ್ನ ಕೇಳಿ ಬಿಟ್ಟಿದ್ದೆ" ಅಂದಳು.

ಆ ರಾತ್ರಿ ಹಳೆಯ ಹನ್ನೊಂದನೇ ಅಧ್ಯಾಯವನ್ನು ಪೂರ್ತಿ ತೆಗೆದೆ. ಮೆರವಣಿಗೆ ಹೋಯಿತು, ಜೈಕಾರ ಹೋಯಿತು. ಹೊಸ ಅಧ್ಯಾಯ ಪೇಢೆಯ ಪೊಟ್ಟಣದಿಂದ ಶುರುವಾಗುತ್ತದೆ. ಗದಗದ ಅಂಗಡಿಯಲ್ಲಿ ತೂಗಿ ಕಟ್ಟಿಸಿದ್ದು, ಯಾರದೋ ಕೈಯಲ್ಲಿ ರೈಲು ಹತ್ತಿದ್ದು, ನಾಕಾ ಇಲ್ಲದ ಹಾದಿಯಲ್ಲಿ ಅಕ್ಕನ ಮನೆ ಮುಟ್ಟಿದ್ದು. ಯಾರ ಕೈಯಲ್ಲಿ ಹೋಯಿತು ಅಂತ ವಹಿಯಲ್ಲಿಲ್ಲ, ನಾನೂ ಹೆಸರು ಕೊಡಲಿಲ್ಲ. ಅಜ್ಜ ಏನಂದುಕೊಂಡರು ಅಂತಲೂ ಬರೆಯಲಿಲ್ಲ. ಅರ್ಧ ಶೇರು ಪೇಢೆ ಅದನ್ನು ನನಗಿಂತ ಚೆನ್ನಾಗಿ ಹೇಳುತ್ತದೆ, ಅಲ್ವಾ?

ಆಮೇಲೆ ಉಳಿದ ಅಧ್ಯಾಯಗಳಿಗೂ ಇದೇ ಪದ್ಧತಿ ಹಿಡಿದೆ. ಮೊದಲು ವಹಿಯಲ್ಲಿ ಅಥವಾ ಟ್ರಂಕಿನಲ್ಲಿ ಒಂದು ವಸ್ತು, ಅದರ ಅಳತೆ, ಅದರ ಬೆಲೆ. ಆಮೇಲೆ ಅದರ ಸುತ್ತ ಮನುಷ್ಯರು. ಹಂಡೆಯ ಅಧ್ಯಾಯ, ತೊಟ್ಟಿಲು ಸರಪಳಿಯ ಅಧ್ಯಾಯ ಹಾಗೇ ಬಂದವು. ವಸ್ತು ಇಲ್ಲದ ಕಡೆ ನಾನು ಬರೆದಿದ್ದ ಎಷ್ಟೋ ಭಾವುಕ ಪುಟಗಳನ್ನು ಕಿತ್ತು ಹಾಕಿದೆ. ನೋವಾಯಿತು, ಆದರೆ ಪುಸ್ತಕ ಗಟ್ಟಿಯಾಯಿತು.

9. ಹಳೆಯ ಸಿಡಿ

ಮೊದಲ ನಾಲ್ಕು ಅಧ್ಯಾಯದ ಹಳೆಯ ರೂಪ ಅಪ್ಪನ ಸಿಡಿ ಡಬ್ಬಿಯಲ್ಲಿತ್ತು. ಗದಗಿನ ಮನೆಯಲ್ಲಿ ಇದ್ದಾಗ ನುಡಿ ತಂತ್ರಾಂಶದಲ್ಲಿ ಟೈಪು ಮಾಡಿದ್ದೆ. ಗೆಳತಿಯ ಹತ್ತಿರ ಸಿಡಿ ಡ್ರೈವ್ ಇಸಿದುಕೊಂಡು ತೆರೆದರೆ ಪರದೆ ತುಂಬ ಇಂಗ್ಲಿಷ್ ಅಕ್ಷರ, ಚಿಹ್ನೆಗಳ ಕಲಸುಮೇಲೋಗರ. ಕಡತ ಕೆಟ್ಟಿಲ್ಲ. ಹಳೆಯ ನುಡಿ ಫಾಂಟುಗಳು ಕನ್ನಡವನ್ನು ಇಂಗ್ಲಿಷ್ ಅಕ್ಷರಗಳ ಸಂಕೇತದಲ್ಲೇ ಇಡುತ್ತಿದ್ದವು. ಆ ಫಾಂಟು ಇಲ್ಲದಿದ್ದರೆ ಹೀಗೆ ಕಾಣುತ್ತದೆ. ಯೂನಿಕೋಡಿಗೆ ಪರಿವರ್ತಕ ಹಾಕಿದೆ. ಬಹಳಷ್ಟು ಬಂತು. ಆದರೆ ಕೆಲವು ಅರ್ಕಾವತ್ತು ಪಕ್ಕದ ಅಕ್ಷರಕ್ಕೆ ಜಿಗಿದಿದ್ದವು, ಕೆಲವು ಒತ್ತು ಬಿದ್ದುಹೋಗಿದ್ದವು. ಹುಡುಕಿ-ಬದಲಿಸಿ ಮಾಡಲು ನೋಡಿದೆ, ಸರಿಯಾಗಿದ್ದ ಪದಗಳೂ ಕೆಟ್ಟವು. ಕೊನೆಗೆ ಫಾಂಟು ಹಾಕಿ ಹಳೆಯ ಪುಟಗಳನ್ನು ಪ್ರಿಂಟು ತೆಗೆದು, ಪಕ್ಕಕ್ಕಿಟ್ಟುಕೊಂಡು ಕೈಯಿಂದಲೇ ತಿದ್ದಿದೆ. ನಿಮ್ಮ ಹತ್ತಿರ ಹಳೆಯ ಸಿಡಿ ಇದ್ದರೆ ಈಗಲೇ ಪೆನ್‌ಡ್ರೈವಿಗೆ ಹಾಕಿಕೊಳ್ಳಿ. ಡಬ್ಬಿಯಲ್ಲಿ ಎರಡು ಸಿಡಿ ಪೂರ್ತಿ ಓದಲು ಬರಲಿಲ್ಲ.

10. ಕೊನೆಯ ಪುಟ, ಖರ್ಚು, ಬಾಕಿ

ಡೆಸ್ಕು ಮೇ ತಿಂಗಳಲ್ಲಿ ಬಳಸಲು ಸಿದ್ಧವಾಯಿತು. ಕೊನೆಯ ಮೂರು ಅಧ್ಯಾಯ ಅದರ ಮೇಲೇ ಬರೆದೆ. 18 ಇಂಚಿಗೆ 5 ಇಂಚು ಏರುವ ಇಳಿಜಾರು ಕೈಬರಹಕ್ಕೆ ಹೇಳಿ ಮಾಡಿಸಿದಂತಿದೆ, ಕುತ್ತಿಗೆ ಬಗ್ಗುವುದು ಕಡಿಮೆ. ಲ್ಯಾಪ್‌ಟಾಪು ಕೆಳಗಿನ ಪಟ್ಟಿಗೆ ತಾಗಿ ಜಾರದೆ ನಿಲ್ಲುತ್ತದೆ, ಆದರೆ ಮಣಿಕಟ್ಟಿಗೆ ಪಟ್ಟಿ ಒತ್ತುತ್ತದೆ. ಟೈಪು ಮಾಡಲು ನಾನು ಬೇರೆ ಮೇಜಿಗೆ ಹೋಗುತ್ತೇನೆ. ಮಂಡಿ ನೋವಿದ್ದವರು ಕೆಳಗೆ ದಪ್ಪ ಚಾದರ ಹಾಕಿಕೊಂಡು ಕೂರಬೇಕು.

ಮನೆ ಮಾರಿದ ದಿನದ ಅಧ್ಯಾಯ ಕೊನೆಯದು. ಅದನ್ನು ಮುಗಿಸಿ ಅಣ್ಣನಿಗೆ ಫೋನ್ ಮಾಡಿದೆ. "ಮುಗೀತು" ಅಂದೆ. "ಪೂರ್ತಿ?" ಅಂದ. "ಮೊದಲ ಕರಡು ಪೂರ್ತಿ." ಆ ಕಡೆಯಿಂದ ಅತ್ತಿಗೆ ಜೋರಾಗಿ, "ಪ್ರಿಂಟ್ ತಗಸ್ರಿ, ನಾ ಮೊದಲ ಓದಾಕಿ" ಅಂದರು. ಬಹಳ ವರ್ಷದ ಆಸೆ ಕೈಗೂಡಿದ ಖುಷಿ ಅದು. ಎರಡು ದಿನ ನಿದ್ದೆ ಬರಲಿಲ್ಲ. ಮರುವಾರ ಒಂದೇ ಬದಿಗೆ ಪ್ರಿಂಟು, ಪುಟಕ್ಕೆ 2 ರೂಪಾಯಿಯಂತೆ 572, ಸ್ಪೈರಲ್ 60. ಒಂದೇ ಬದಿ ಯಾಕೆಂದರೆ ಎದುರು ಪುಟ ಖಾಲಿ ಇದ್ದರೆ ತಿದ್ದುಪಡಿ ಅಲ್ಲೇ ಬರೆಯಬಹುದು.

ರಿಪೇರಿಯ ಖರ್ಚು, ಮೇಲೆ ಹೇಳಿದ್ದರ ಜೊತೆ ಫೆವಿಕಾಲ್ 170 ಮತ್ತು ಸ್ಯಾಂಡ್‌ಪೇಪರ್ 80 ಸೇರಿ, 9,380. ಇದರಲ್ಲಿ ಗಾಡಿ ಬಾಡಿಗೆಯೇ ಮೂರನೇ ಒಂದು ಭಾಗಕ್ಕಿಂತ ಜಾಸ್ತಿ. ಗಾಣದ ಎಣ್ಣೆ ಮತ್ತು ಹುಳುವಿನ ಔಷಧಿ ಬಿಟ್ಟರೆ 460 ಉಳಿಯುತ್ತಿತ್ತು.

ಬಾಕಿ ಇರುವುದು: ಮುರಿದ ಸ್ಕ್ರೂ ಇನ್ನೂ ಒಳಗೇ ಇದೆ, ಅದರ ಪಕ್ಕ ಹೊಸ ತೂತು ಹಾಕಿ ಬಿಜಾಗರಿ ಕೂರಿಸಿದ್ದೇವೆ. ಕೀಲಿಗೆ ಕೀಲಿಕೈ ಮಾಡಿಸಬೇಕು. ಹುಬ್ಬಳ್ಳಿಯ ದುರ್ಗದ ಬೈಲಿನ ಹತ್ತಿರ ಹಳೆಯ ಕೀಲಿ ಮಾಡುವವರೊಬ್ಬರನ್ನು ಕಾಕಾ ಹೇಳಿದ್ದಾರೆ. ಮೋಡಿ ಕಾಗದದ ಕಟ್ಟನ್ನು ನಾನು ಓದಲಾರೆ. ಫೋಟೋ ತೆಗೆದು, ಬಿಳಿ ಹಾಳೆಯಲ್ಲಿ ಸುತ್ತಿ ಇಟ್ಟಿದ್ದೇನೆ, ಮೋಡಿ ಬಲ್ಲವರು ಸಿಕ್ಕರೆ ಕೂತು ಓದಿಸಬೇಕು. ಅತ್ತಿಗೆ ಕರಡಿನ ಎಂಟನೇ ಅಧ್ಯಾಯದವರೆಗೆ ಬಂದಿದ್ದಾರೆ. ನಾಲ್ಕನೆಯದು ಬೇಸರ ತರಿಸಿತು ಅಂದರು. ಎರಡನೇ ಕರಡು ಅಲ್ಲಿಂದ ಶುರು.